ಬಯಲಾಟಕ್ಕೆ ಬಿದ್ದ ಬೇಲಿ

ಮೊನ್ನೆ ಮದುವೆಮನೆಯ ಪಂಕ್ತಿಯಲ್ಲಿ ಟಿವಿಯ ಮಾತು ಬಂತು. ಕಿಟಕಿಯಾಚೆ, ಎದುರುಮನೆಯ ತಾರಸಿಯ ಮೇಲೆ, ಮೀನಿನ ಮುಳ್ಳಿನಂಥ ಹಳೆಯ ಆಂಟೆನಾ ನಿಂತಿತ್ತು. ಅದರ ಎರಡು ಕಡ್ಡಿಗಳು ಕಳಚಿ ಜೋತುಬಿದ್ದಿದ್ದವು. ಪಕ್ಕದಲ್ಲಿ ಕೂತಿದ್ದ ತರುಣ ಇಂಜಿನಿಯರ್ ಅದನ್ನು ನೋಡಿ, "ಅದೆಲ್ಲ ಹೋಗಿದ್ದೇ ಒಳ್ಳೇದಾಯ್ತು ಸರ್. ಯಾರಿಗೂ ಏನೂ ನಷ್ಟ ಆಗ್ಲಿಲ್ಲ, ಚಿತ್ರ ಮಾತ್ರ ಕ್ಲಿಯರ್ ಆಯ್ತು" ಎಂದ. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ನಿಂತಿತು. ಆ "ಯಾರಿಗೂ ಏನೂ ನಷ್ಟ ಆಗ್ಲಿಲ್ಲ" ಮಾತ್ರ ನನ್ನ ಜೊತೆ ಮನೆಯವರೆಗೂ ಬಂತು.

ಹಳೆಯ ಆಂಟೆನಾ ನೆನೆದು ಕಣ್ಣೀರಿಡುವವರ ಗುಂಪಿಗೆ ನಾನು ಸೇರಿದವನಲ್ಲ, ಮಳೆಯಲ್ಲಿ ಮಾಡು ಹತ್ತಿ ಕಂಬ ತಿರುಗಿಸುತ್ತ "ಬಂತಾ? ಈಗ ಬಂತಾ?" ಎಂದು ಕೂಗಿದವನಿಗೆ ಅದರಲ್ಲಿ ಕಾವ್ಯವೇನೂ ಕಾಣುವುದಿಲ್ಲ. ನನ್ನ ತಕರಾರು ಬೇರೆ. ಅನಲಾಗ್‌ನಿಂದ ಡಿಜಿಟಲ್‌ಗೆ ಹೋಗುವಾಗ ನಾವು ಎರಡು ಕೆಲಸಗಳನ್ನು ಒಂದೇ ಹೆಸರಿನಲ್ಲಿ ಮುಗಿಸಿಬಿಟ್ಟೆವು. ಚಿತ್ರವನ್ನು ತಿಳಿಯಾಗಿಸಿದ್ದು ಒಂದು, ನೋಡುವುದಕ್ಕೆ ಅನುಮತಿ ಬೇಕೆಂದು ಮಾಡಿದ್ದು ಇನ್ನೊಂದು. ಮೊದಲನೆಯದನ್ನು ತಂತ್ರಜ್ಞಾನ ಕೊಟ್ಟಿತು. ಎರಡನೆಯದು ನಾವು ಮಾಡಿದ ತೀರ್ಮಾನ.

ಇದನ್ನು ಅರ್ಥ ಮಾಡಿಕೊಳ್ಳಲು ಕರಾವಳಿಯ ಯಕ್ಷಗಾನದತ್ತ ನೋಡಿದರೆ ಸಾಕು. ಅಲ್ಲಿ ಹರಕೆಯ ಬಯಲಾಟವೂ ಉಂಟು, ಟಿಕೆಟ್ಟಿನ ಡೇರೆ ಮೇಳವೂ ಇತ್ತು. ಹರಕೆಯ ಆಟದ ಖರ್ಚು ಹರಕೆ ಹೊತ್ತವರದು. ನೋಡುವ ಹಕ್ಕು ಊರಿನದು. ಡೇರೆ ಮೇಳದಲ್ಲಿ ದುಡ್ಡು ಕೊಟ್ಟವರಿಗೆ ಒಳಗೆ ಕುರ್ಚಿ. ಡೇರೆಯವರು ಕಲೆಗೆ ದ್ರೋಹ ಮಾಡಿದರೆಂದು ನಾನು ಹೇಳಲಾರೆ. ಟಿಕೆಟ್ಟಿನ ದುಡ್ಡಿನಲ್ಲಿ ಬದುಕಿದ ಕಲಾವಿದರು ಎಷ್ಟೋ ಮಂದಿ. ಆದರೆ ಬಯಲಾಟಕ್ಕಿರುವ ಒಂದು ವಸ್ತು ಡೇರೆಗಿಲ್ಲ: ಅಂಚು. ಬಯಲಿನ ಅಂಚಿನಲ್ಲಿ ಕಡಲೆ ಮಾರುವವಳು ನಿಂತಿರುತ್ತಾಳೆ, ಕೊನೆಯ ಬಸ್ಸು ತಪ್ಪಿಸಿಕೊಂಡವನು ನಿಂತಿರುತ್ತಾನೆ, ಪಕ್ಕದೂರಿನ ಹುಡುಗರು ಗದ್ದೆಯಂಚಿನಲ್ಲಿ ಟಾರ್ಚ್ ಬಿಟ್ಟುಕೊಂಡು ಬಂದಿರುತ್ತಾರೆ. ವೇಷ ಅವರಿಗೆ ಮಸುಕಾಗಿ ಕಾಣುತ್ತದೆ, ಅರ್ಥಗಾರಿಕೆ ಅರ್ಧ ಕೇಳುತ್ತದೆ. ಆದರೂ ಚೆಂಡೆಯ ಪೆಟ್ಟು ಅವರ ಎದೆಗೂ ಬೀಳುತ್ತದೆ. ಹೆಸರು, ವಿಳಾಸ ಯಾರೂ ಕೇಳುವುದಿಲ್ಲ. ಎಷ್ಟು ಜನ ನೋಡಿದರೆಂದು ಭಾಗವತರಿಗೂ ಗೊತ್ತಿರುವುದಿಲ್ಲ.

ಅನಲಾಗ್ ಪ್ರಸಾರ ಹೀಗೆ ಅಂಚು ಇದ್ದ ಬಯಲು. ಆ ಸಿಗ್ನಲ್ ದೂರ ಹೋದಂತೆ ಸೋಲುತ್ತಿತ್ತು, ಆದರೆ ಮೆಲ್ಲಗೆ ಸೋಲುತ್ತಿತ್ತು. ಟವರಿನ ಬಳಿ ಸ್ಪಷ್ಟ ಚಿತ್ರ, ಆಚೆಗೆ ಚುಕ್ಕೆ, ಇನ್ನೂ ಆಚೆಗೆ ಚುಕ್ಕೆಗಳ ನಡುವೆ ವಾರ್ತೆ ಓದುವವರ ನೆರಳು. ಡಿಜಿಟಲ್ ಸಿಗ್ನಲ್ ಅಂಕಿಗಳ ಸಾಲು. ದಾರಿಯಲ್ಲಾದ ತಪ್ಪುಗಳನ್ನು ಒಂದು ಮಿತಿಯವರೆಗೆ ತಿದ್ದಿಕೊಂಡು ಪೂರ್ತಿ ಚಿತ್ರ ಕೊಡುತ್ತದೆ. ಮಿತಿ ದಾಟಿತೋ, ಮುಖವೆಲ್ಲ ಚೌಕಚೌಕವಾಗಿ ಒಡೆದು ನಿಂತೇಬಿಡುತ್ತದೆ. ಅರೆಬರೆ ಎಂಬುದು ಅದಕ್ಕೆ ಗೊತ್ತಿಲ್ಲ. ಇದು ಭೌತಶಾಸ್ತ್ರದ ಬೇಲಿ. ಅದಕ್ಕೆ ಯಾರನ್ನೂ ದೂರಲಾಗದು.

ದೂರಬೇಕಾದ ಬೇಲಿ ಕಾಯ್ದೆಯ ಪುಸ್ತಕದಲ್ಲಿದೆ. ಕೇಬಲ್ ಕೂಡ ಅನಲಾಗ್ ಬಿಟ್ಟು ಡಿಜಿಟಲ್ ಆಗಲೇಬೇಕೆಂದು 2011ರಲ್ಲಿ ಕೇಬಲ್ ಟಿವಿ ಕಾಯ್ದೆಗೆ ತಿದ್ದುಪಡಿಯಾಯಿತು. ನಾಲ್ಕು ಮಹಾನಗರಗಳಿಗೆ 2012ರ ಅಕ್ಟೋಬರ್ 31, ಬೆಂಗಳೂರು ಮೈಸೂರುಗಳೂ ಸೇರಿದಂತೆ 38 ನಗರಗಳಿಗೆ 2013ರ ಮಾರ್ಚ್ 31 ಗಡುವಾಯಿತು. ಉಳಿದ ಪಟ್ಟಣ, ಹಳ್ಳಿಗಳ ಗಡುವು ಮುಂದೆ ಮುಂದೆ ಹೋಗಿ 2017ನ್ನು ಮುಟ್ಟಿತು. ಈ ವ್ಯವಸ್ಥೆಯ ಹೆಸರು 'ಡಿಜಿಟಲ್ ಅಡ್ರೆಸಬಲ್ ಸಿಸ್ಟಂ'. ಎಲ್ಲರೂ ಮೊದಲ ಪದದ ಬಗ್ಗೆ ಮಾತಾಡಿದರು, ಗುಟ್ಟು ಇದ್ದದ್ದು ಎರಡನೆಯದರಲ್ಲಿ. ಅಡ್ರೆಸಬಲ್ ಎಂದರೆ ಪ್ರತಿ ಸೆಟ್ ಟಾಪ್ ಬಾಕ್ಸ್‌ಗೂ ಒಂದು ವಿಳಾಸ. ಎಲ್ಲೋ ಕಚೇರಿಯಲ್ಲಿ ಕೂತವರು ಇಡೀ ಬೀದಿಯಲ್ಲಿ ನಿಮ್ಮ ಮನೆಯ ಪೆಟ್ಟಿಗೆಯೊಂದನ್ನೇ ಹೆಸರು ಹಿಡಿದು ಮುಚ್ಚಬಲ್ಲರು.

ಇದಕ್ಕೆ ಒಂದು ಗಟ್ಟಿ ಸಮರ್ಥನೆ ಇದೆ, ಅದನ್ನು ಗೌರವದಿಂದಲೇ ಕೇಳಬೇಕು. ಹಳೆಯ ಕೇಬಲ್ ಕತ್ತಲೆಯ ವ್ಯಾಪಾರವಾಗಿತ್ತು. ಊರಿಗೆಲ್ಲ ತಂತಿ ಎಳೆದವನು ಚಾನೆಲ್‌ನವರಿಗೂ ತೆರಿಗೆಯವರಿಗೂ ಅದರ ಒಂದು ಪಾಲನ್ನಷ್ಟೇ ಲೆಕ್ಕ ತೋರಿಸುತ್ತಿದ್ದ. ತಂತಿಯಲ್ಲಿ ಜಾಗ ಕಡಿಮೆ, ಚಾನೆಲ್ ಹೆಚ್ಚು. ಆದ್ದರಿಂದ ಜಾಗಕ್ಕಾಗಿ ಚಾನೆಲ್‌ಗಳೇ ದುಡ್ಡು ತೆರಬೇಕಿತ್ತು. ಅನಲಾಗ್‌ನಲ್ಲಿ ಒಂದೇ ಚಾನೆಲ್ ಹೋಗುತ್ತಿದ್ದ ತರಂಗಾಂತರದಲ್ಲಿ ಡಿಜಿಟಲ್ ಹತ್ತಾರನ್ನು ಹಿಡಿಸುತ್ತದೆ. ಈ ಜಾಗವಿಲ್ಲದೆ ಇವತ್ತು ಇಷ್ಟೊಂದು ಕನ್ನಡ ಚಾನೆಲ್‌ಗಳು ಬದುಕುತ್ತಿರಲಿಲ್ಲ. ಇದೆಲ್ಲವೂ ನಿಜ.

ಆದರೆ ವ್ಯಾಪಾರಿಯ ಲೆಕ್ಕ ಸರಿಮಾಡಲು ತಂದ ಬೀಗವನ್ನು ಸಾರ್ವಜನಿಕರ ಮನೆಗೂ ಯಾಕೆ ಜಡಿದೆವು? 2019ರ ಫೆಬ್ರವರಿಯಲ್ಲಿ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರಪದ್ಧತಿ ಜಾರಿಗೆ ಬಂದಾಗ ನೂರು ಚಾನೆಲ್‌ಗಳ ಸಂಪರ್ಕ ಶುಲ್ಕದ ಮಿತಿ ತೆರಿಗೆ ಬಿಟ್ಟು ತಿಂಗಳಿಗೆ 130 ರೂಪಾಯಿ ಇತ್ತು. ಉಚಿತ ಚಾನೆಲ್‌ಗಳನ್ನಷ್ಟೇ ನೋಡುವವನೂ ಇದನ್ನು ಕೊಡಬೇಕಿತ್ತು. ಹಾಗಾಗಿ ಜನರ ದುಡ್ಡಿನಲ್ಲಿ ನಡೆಯುವ ದೂರದರ್ಶನದ ಚಂದನವನ್ನು ಕೇಬಲ್‌ನಲ್ಲಿ ನೋಡಲು ಜನರೇ ತಿಂಗಳು ತಿಂಗಳು ರೀಚಾರ್ಜ್ ಮಾಡಿಸಬೇಕು. ಇದನ್ನು ಪ್ರಗತಿ ಎನ್ನುವವರ ನಾಲಿಗೆಗೆ ಮೂಳೆಯಿಲ್ಲ.

ಡಿಜಿಟಲ್ ಆದಮೇಲೆ ಬೀಗ ಅನಿವಾರ್ಯ ಎಂಬುದೂ ಸುಳ್ಳು. ಅಮೆರಿಕದಲ್ಲಿ 2009ರ ಫೆಬ್ರವರಿ 17ಕ್ಕೆ ಅನಲಾಗ್ ನಿಲ್ಲಬೇಕಿತ್ತು. ಹಳೆಯ ಟಿವಿಗೆ ಹಾಕುವ ಪೆಟ್ಟಿಗೆಗೆ ಸರ್ಕಾರ ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಕೊಡುತ್ತಿತ್ತು. ಆ ಹಣ ಸಾಲದೆ ಜನ ಕಾಯುವಂತಾದಾಗ ಗಡುವನ್ನು ಜೂನ್ 12ಕ್ಕೆ ಮುಂದೂಡಿದರು. ಇಂದಿಗೂ ಅಲ್ಲಿ ಆಂಟೆನಾ ಹಾಕಿದವನಿಗೆ ಸ್ಥಳೀಯ ಡಿಜಿಟಲ್ ಚಾನೆಲ್‌ಗಳು ಪುಕ್ಕಟೆ. ಮಾರುಕಟ್ಟೆಯೇ ದೇವರೆನ್ನುವ ದೇಶ ಬಯಲನ್ನು ಉಳಿಸಿಕೊಂಡಿತು. ನಮ್ಮ ದೂರದರ್ಶನವೂ 2016ರ ಫೆಬ್ರವರಿಯಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಟವರ್ ಮೂಲಕವೇ ಉಚಿತ ಡಿಜಿಟಲ್ ಪ್ರಸಾರ ಆರಂಭಿಸಿತ್ತು. ಆ ಸಸಿಗೆ ನೀರೆರೆಯಲಿಲ್ಲ.

ಕಲಬುರಗಿಯ ಕಥೆ ಹೇಳದೆ ಈ ಮಾತು ಮುಗಿಯುವುದಿಲ್ಲ. ಬೆಂಗಳೂರಿನ ಸಿರಿವಂತರೂ ಟಿವಿ ಕಾಣದಿದ್ದ ಕಾಲದಲ್ಲಿ, 1975ರ ಆಗಸ್ಟ್ 1ರಂದು, ರಾಯಚೂರು, ಗುಲಬರ್ಗಾ (ಇಂದಿನ ಕಲಬುರಗಿ), ಬಿಜಾಪುರದ ಹಳ್ಳಿಗಳಲ್ಲಿ ಟಿವಿ ಹೊತ್ತಿಕೊಂಡಿತು. ಅದು 'ಸೈಟ್' ಪ್ರಯೋಗ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಾಲೆಯ ಪಾಠ ತಲುಪಿಸಿದರು. ತಂತಿಬಲೆಯ ದೊಡ್ಡ ಬುಟ್ಟಿಯಂಥ ಆಂಟೆನಾ, ಊರಿಗೆ ಒಂದು ಪೆಟ್ಟಿಗೆ, ಮುಂದೆ ನೆಲದ ಮೇಲೆ ಕೂತ ಜನ. ಅದು ಅಕ್ಷರಶಃ ಬಯಲಾಟ. ಉಪಗ್ರಹದ ಅವಧಿ ಮುಗಿದಮೇಲೆ 1977ರಲ್ಲಿ ಗುಲಬರ್ಗಾದಲ್ಲೇ ಟವರ್ ಎದ್ದಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ. ಕರ್ನಾಟಕದ ನೆಲದ ಮೇಲೆ ಟಿವಿ ಬೇರುಬಿಟ್ಟದ್ದು ಎಲ್ಲರೂ 'ಹಿಂದುಳಿದ' ಎನ್ನುವ ಸೀಮೆಯಿಂದ.

2021ರ ಅಕ್ಟೋಬರಿನಲ್ಲಿ ಪ್ರಸಾರ ಭಾರತಿ, ಆಯಕಟ್ಟಿನ ಸುಮಾರು 50 ಜಾಗ ಬಿಟ್ಟು ಮಿಕ್ಕೆಲ್ಲ ಅನಲಾಗ್ ಟವರ್‌ಗಳನ್ನು 2022ರ ಮಾರ್ಚ್ ಒಳಗೆ ನಿಲ್ಲಿಸುವುದಾಗಿ ಹೇಳಿತು. ಕಲಬುರಗಿ ಕೇಂದ್ರವೇ ಮುಚ್ಚುತ್ತದೆಂಬ ಸುದ್ದಿ ಹಬ್ಬಿದಾಗ, ಇಲ್ಲ, ಅದು ಕಾರ್ಯಕ್ರಮ ತಯಾರಿಸುತ್ತಲೇ ಇರುತ್ತದೆ, ಅವು ಚಂದನದಲ್ಲಿ ಬರುತ್ತವೆ ಎಂದು ಸ್ಪಷ್ಟನೆ ಬಂತು. ನ್ಯಾಯವೇ. ನೋಡುವವರಿಲ್ಲದ ಟವರಿಗೆ ವಿದ್ಯುತ್ ಬಿಲ್ಲು ಕಟ್ಟಿ ಎಂದು ನಾನೂ ಹೇಳಲಾರೆ. ಆದರೆ ಸ್ವಂತ ಟವರ್ ಇದ್ದ ಊರು ಈಗ ರಾಜಧಾನಿಯ ಚಾನೆಲ್‌ನಲ್ಲಿ ವೇಳೆ ಕೇಳುವ ಊರಾಯಿತು. ಮನೆಯ ಯಜಮಾನ ನೆಂಟನಾದಂತೆ.

ದೂರದರ್ಶನದ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ, 2004ರಿಂದ ಇದೆ, ತಿಂಗಳ ಶುಲ್ಕವಿಲ್ಲ. ನನ್ನ ವಾದಕ್ಕೆ ಅದೇ ಒಳ್ಳೆಯ ಸಾಕ್ಷಿ: ಡಿಜಿಟಲ್ ಆಗಿಯೂ ಬಯಲು ಬಯಲಾಗಿಯೇ ಇರಬಹುದು. ಅದರ ಕೊರತೆ ಬೇರೆ. ಇಡೀ ದೇಶಕ್ಕೆ ಒಂದೇ ಬಯಲು, ಜಾಗ ಹರಾಜಿನಲ್ಲಿ. ಹಾಗಾಗಿ ದೊಡ್ಡ ಮಾರುಕಟ್ಟೆಯ ಹಿಂದಿಯೇ ತುಂಬಿಕೊಂಡಿತು, ಕನ್ನಡದ ಪಾಲು ಬೆರಳೆಣಿಕೆಗೆ ನಿಂತಿತು.

ಮಾಡಬೇಕಾದ್ದು ದೊಡ್ಡದೇನಲ್ಲ. ಪೆಟ್ಟಿಗೆಯ ಹಂಗಿಲ್ಲದೆ ಉಪಗ್ರಹದ ಉಚಿತ ಚಾನೆಲ್ ಹಿಡಿಯುವ ಟಿವಿಗಳಿಗೆ ಭಾರತೀಯ ಮಾನಕ ಬ್ಯೂರೋ ಈಗಾಗಲೇ ಮಾನದಂಡ ರೂಪಿಸಿದೆ. ಮಾರುವ ಪ್ರತಿ ಟಿವಿಯಲ್ಲೂ ಅದು ಕಡ್ಡಾಯವಾಗಲಿ. ಫ್ರೀ ಡಿಶ್‌ನಲ್ಲಿ ಪ್ರತಿ ಭಾಷೆಗೂ ಹರಾಜಿಗೆ ಬಾರದ ಪಾಲು ಇರಲಿ. ರೀಚಾರ್ಜ್ ಮುಗಿದ ದಿನವೂ ಕೇಬಲ್ ಪೆಟ್ಟಿಗೆ ಚಂದನವನ್ನಾದರೂ ತೋರಿಸಲಿ. ಡೇರೆ ಮೇಳಗಳು ಟಿಕೆಟ್ ಮಾರಿಕೊಳ್ಳಲಿ, ಬೇಡ ಎಂದವರಾರು?

ಆ ತರುಣನಿಗೆ ಪಂಕ್ತಿಯಲ್ಲಿ ಉತ್ತರ ಕೊಡಲಾಗಲಿಲ್ಲ. ನಷ್ಟವಾದದ್ದು ಬಯಲಿನ ಅಂಚಿನಲ್ಲಿ ನಿಂತಿದ್ದವನಿಗೆ, ಮಾರಾಯ. ಅವನು ಯಾರ ಲೆಕ್ಕದಲ್ಲೂ ಇರಲಿಲ್ಲ. ಅದಕ್ಕೇ ಅವನು ಹೋದದ್ದೂ ನಿನ್ನ ಲೆಕ್ಕಕ್ಕೆ ಸಿಗಲಿಲ್ಲ.