ಏರಿಸಿದವರೇ ಇಳಿಸಲಿ

ನಮ್ಮ ಹಳ್ಳದ ಮೇಲಣ ಗುಡ್ಡದಲ್ಲಿ ಹಳೆಯ ಚೈನ್ ಬುಲ್ಡೋಜರೊಂದು ವರ್ಷಗಳಿಂದ ನಿಂತಿದೆ. ರಸ್ತೆ ಕಡಿಯಲು ಅದನ್ನು ತಂದ ಗುತ್ತಿಗೆದಾರರು ಬಿಲ್ಲು ಪಡೆದು ಹೊರಟುಹೋದರು. ಆನಂತರ ಬಂದ ಗುಜರಿಯವರು ಬ್ಯಾಟರಿ, ರೇಡಿಯೇಟರ್, ಎಂಜಿನ್ನಿನ ಬಿಡಿಭಾಗಗಳನ್ನು ಕಳಚಿಕೊಂಡು ಹೋದರು. ಉಳಿದದ್ದು ಯಂತ್ರದ ಅಡಿಭಾಗ: ತುಕ್ಕಿನಿಂದ ಒಂದಕ್ಕೊಂದು ಬೆಸೆದುಹೋದ ಚೈನು, ರೋಲರು, ಐಡ್ಲರು, ಸ್ಪ್ರಾಕೆಟ್ಟು. ಉರುಳದ ಕಾರಣ ಅದನ್ನು ಎಳೆದೊಯ್ಯುವಂತಿಲ್ಲ. ಬಿಚ್ಚುವ ಶ್ರಮಕ್ಕೆ ಗುಜರಿಯ ಬೆಲೆ ಸಾಲದು. ಲಾಭವೆಲ್ಲ ಘಟ್ಟ ಇಳಿಯಿತು, ಭಾರ ಮಾತ್ರ ನಮ್ಮ ಪಾಲಿಗೆ ಉಳಿಯಿತು.

'ಕಬ್ಬಿಣ ತಾನೇ, ಮಣ್ಣಿನಲ್ಲಿ ಮಣ್ಣಾಗುತ್ತದೆ ಬಿಡಿ' ಎಂಬ ಸಮಾಧಾನದ ಮಾತು ನಮ್ಮವರಿಂದಲೇ ಕೇಳಿಬರುತ್ತಿದೆ. ಇದನ್ನು ನಾವು ಒಪ್ಪಲಾರೆವು. ಪ್ರಶ್ನೆ ಕಬ್ಬಿಣದ್ದಲ್ಲ. ಪ್ರತಿಯೊಂದು ರೋಲರಿನೊಳಗೆ ಎಣ್ಣೆಯಿದೆ. ಸ್ಪ್ರಾಕೆಟ್ಟಿನ ಹಿಂದಿನ ಗೇರುಪೆಟ್ಟಿಗೆಯಲ್ಲಿ ಅದಕ್ಕಿಂತ ಹೆಚ್ಚಿದೆ. ಸೀಲುಗಳು ಸವೆದಂತೆ ಅದು ಮಳೆನೀರಿನೊಡನೆ ಹಳ್ಳಕ್ಕೆ ಇಳಿಯುತ್ತದೆ. ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು 2016ರ ಕೇಂದ್ರ ನಿಯಮಗಳೇ ಪರಿಗಣಿಸಿವೆ. ಪಟ್ಟಣದ ಗ್ಯಾರೇಜಿನಲ್ಲಿ ಅಪಾಯಕಾರಿಯಾದದ್ದು ಗುಡ್ಡದ ಮೇಲೆ ನಿರಪಾಯಕಾರಿ ಆಗುವುದು ಹೇಗೆ?

ಇನ್ನು ಕೆಲವರು ಅವಸರದ ದಾರಿ ಸೂಚಿಸುತ್ತಾರೆ: ಗ್ಯಾಸ್ ಕಟರ್ ತಂದು ನಾಲ್ಕು ಹುಡುಗರನ್ನು ಬಿಟ್ಟರೆ ಎರಡು ದಿನದ ಕೆಲಸವಂತೆ. ಫಾಲ್ಗುಣದ ಒಣಹುಲ್ಲಿಗೆ ಒಂದು ಕಿಡಿ ಸಾಕು ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಕಾಣದ ಅಪಾಯ ಬೇರೆಯೇ ಇದೆ. ಚೈನನ್ನು ಬಿಗಿಯಾಗಿಡಲು ಐಡ್ಲರಿನ ಹಿಂದೆ ಗ್ರೀಸು ತುಂಬಿದ ಸಿಲಿಂಡರು, ಅದರ ಹಿಂದೆ ಟನ್ನುಗಟ್ಟಲೆ ಒತ್ತಡದಲ್ಲಿ ಅದುಮಿಟ್ಟ ಸ್ಪ್ರಿಂಗು ಇರುತ್ತವೆ. ಯಂತ್ರ ಸತ್ತರೂ ಆ ಒತ್ತಡ ಸಾಯುವುದಿಲ್ಲ. ಬೆಂಕಿ ತಾಗಿಸಿದರೆ ಸಿಲಿಂಡರು ಸಿಡಿಯಬಹುದು. ತಿಳಿಯದೆ ಬಿಚ್ಚಿದರೆ ಸ್ಪ್ರಿಂಗು ಚಿಮ್ಮಿ ಆಳನ್ನೇ ಕೊಲ್ಲಬಹುದು. ದಿನಗೂಲಿಯ ಹುಡುಗನ ಜೀವವನ್ನು ಪಣಕ್ಕಿಟ್ಟು ಗುಡ್ಡವನ್ನು ಶುಚಿಗೊಳಿಸುವುದು ಪರಿಸರದ ಕೆಲಸವಲ್ಲ.

ಕುದುರೆಮುಖವನ್ನು ನೆನೆಯಿರಿ. 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದು ಜನರ ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿಹೂಳು ಗಣಿಯೊಡನೆ ಹೊರಟುಹೋಗಲಿಲ್ಲ. ನಿಲ್ಲಿಸುವುದು ಹೋರಾಟದ ಅರ್ಧಭಾಗ ಮಾತ್ರ, ತೆರವುಗೊಳಿಸುವುದು ಉಳಿದರ್ಧ. ನಮ್ಮ ಗುಡ್ಡದ ಒಂಟಿ ಯಂತ್ರ ಅದರ ಮುಂದೆ ಅತಿ ಸಣ್ಣದು. ಈ ಸಣ್ಣದನ್ನೇ ಇಳಿಸಲಾಗದ ವ್ಯವಸ್ಥೆ ದೊಡ್ಡದಕ್ಕೆ ಕೊಡುವ ಭರವಸೆಯನ್ನು ನಂಬುವುದೆಂತು?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಮಳೆ ಹಿಂಜರಿದು ಹುಲ್ಲು ಒಣಗುವ ಮುನ್ನ, ಕಾರ್ತಿಕ ಮಾರ್ಗಶಿರಗಳಲ್ಲಿ ಕೆಲಸ ಮುಗಿಯಬೇಕು. ಮೊದಲು ಎಣ್ಣೆಯನ್ನು ಡಬ್ಬಗಳಿಗೆ ಇಳಿಸಿ, ಅಧಿಕೃತ ಸಂಸ್ಕರಣಾ ಘಟಕಕ್ಕೆ ಸಾಗಿಸಬೇಕು. ಯಂತ್ರವನ್ನು ಮರದ ದಿಮ್ಮಿಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಒತ್ತಡದ ಭಾಗಗಳನ್ನು ಬಲ್ಲ ಮೆಕ್ಯಾನಿಕರೇ ಬಿಚ್ಚಬೇಕು. ತುಕ್ಕು ಹಿಡಿದ ಪಿನ್ನುಗಳಿಗೆ ದಿನಗಟ್ಟಲೆ ಎಣ್ಣೆ ಕುಡಿಸಿ, ಹೈಡ್ರಾಲಿಕ್ ಜಾಕಿಯಿಂದ ಒತ್ತಿ ಹೊರತೆಗೆಯಬೇಕು. ಇದು ನಿಧಾನ, ಇದಕ್ಕೆ ಹಣ ಬೇಕು. ಆ ಹಣ ಪಂಚಾಯಿತಿಯದ್ದಲ್ಲ, ಊರಿನ ಶ್ರಮದಾನದ್ದೂ ಅಲ್ಲ, ಯಂತ್ರ ತಂದವರದ್ದು. ಇನ್ನು ಮುಂದೆ ಗುಡ್ಡ ಹತ್ತುವ ಪ್ರತಿಯೊಂದು ಯಂತ್ರಕ್ಕೂ ಇಳಿಸುವ ವೆಚ್ಚವನ್ನು ಮುಂಗಡ ಠೇವಣಿಯಾಗಿ ಪಡೆಯದೆ ಅನುಮತಿ ಕೊಡಕೂಡದು.

ಓದುಗ ಮಿತ್ರರೇ, ನಿಮ್ಮ ಊರಿನ ಗುಡ್ಡದಲ್ಲಿಯೂ ಇಂಥದೊಂದು ನಿಂತಿರಬಹುದು. ಯಾರು ತಂದರು, ಯಾವ ಕಾಮಗಾರಿಗೆ ತಂದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿ. ಗ್ರಾಮಸಭೆಯಲ್ಲಿ ಮೊದಲು ಓದಬೇಕಾದ ಪುಟ ಅದು.