ಯಾವುದು ಕೆಟ್ಟಿಲ್ಲ?

ಕಳೆದ ದಸರೆಯ ರಜೆಗೆ ಹುಲಿಕಲ್ಲಿಗೆ ಬಂದ ಮೊಮ್ಮಗ ತನ್ನೊಡನೆ ಪ್ಲಾಸ್ಟಿಕ್ಕಿನ ಗಿಟಾರೊಂದನ್ನು ತಂದಿದ್ದ. 2005ರಲ್ಲಿ ಅಮೆರಿಕದಲ್ಲಿ 'ಗಿಟಾರ್ ಹೀರೋ' ಎಂಬ ವಿಡಿಯೋ ಆಟ ಬಂದ ಮೇಲೆ ಜನಪ್ರಿಯವಾದ ಜಾತಿಯ ಆಟಿಕೆಯದು. ಅವನ ಅಪ್ಪ ಎಂದೋ ಕೊಂಡದ್ದು. ಅದಕ್ಕೆ ತಂತಿಗಳಿಲ್ಲ; ಕುತ್ತಿಗೆಯ ಮೇಲೆ ಐದು ಬಣ್ಣದ ಗುಂಡಿಗಳು, ಒಡಲಿನಲ್ಲಿ ಮೀಟಲು ಒಂದು ಪಟ್ಟಿ. ಒತ್ತಿದ್ದೂ ಮೀಟಿದ್ದೂ ರೇಡಿಯೋ ಅಲೆಯಾಗಿ ಟಿ.ವಿ.ಯ ಬಳಿಯ ಪೆಟ್ಟಿಗೆಯನ್ನು ತಲುಪಬೇಕು.

ಮೂರನೆಯ ದಿನ ಅದು ಮೌನವಾಯಿತು. ಹುಡುಗ ಎರಡು ಸಲ ಬ್ಯಾಟರಿ ಬದಲಿಸಿದ. ಪೆಟ್ಟಿಗೆಯೊಡನೆ ಮತ್ತೆ ಮತ್ತೆ ಸಂಪರ್ಕ ಕಲ್ಪಿಸಿದ. ಕೊನೆಗೆ, "ಇದು ಸತ್ತೇಹೋಯಿತು ಅಜ್ಜ, ಬಿಸಾಡಿಬಿಡುವ" ಎಂದ.

"ಕೆಟ್ಟದ್ದರ ಮಾತು ಆಮೇಲೆ. ಯಾವುದು ಇನ್ನೂ ಕೆಟ್ಟಿಲ್ಲ, ಅದನ್ನು ಹೇಳು" ಎಂದೆ.

ನೋಡಿದರೆ, ಪಟ್ಟಿಯನ್ನು ಮೀಟಿದಾಗ ಪರದೆಯ ಮೇಲಿನ ಗುರುತು ಮೇಲಕ್ಕೂ ಕೆಳಕ್ಕೂ ಸರಿಯುತ್ತಿತ್ತು. ಅಂದಮೇಲೆ ಬ್ಯಾಟರಿಯಲ್ಲಿ ದೋಷವಿಲ್ಲ, ರೇಡಿಯೋ ಸಂಪರ್ಕದಲ್ಲಿಯೂ ಇಲ್ಲ. ಸತ್ತಿದ್ದವು ಐದು ಗುಂಡಿಗಳು ಮಾತ್ರ. ಐದೂ ಒಂದೇ ದಿನ ಬೇರೆ ಬೇರೆಯಾಗಿ ಕೆಡುವುದು ಅಪರೂಪ; ಐದಕ್ಕೂ ಸಮಾನವಾದ ದಾರಿಯೊಂದರಲ್ಲಿ ಅಡ್ಡಿಯಿರಬೇಕು. ಆ ಗಿಟಾರಿನ ಕುತ್ತಿಗೆಯನ್ನು ಒಡಲಿನಿಂದ ಬಿಚ್ಚಬಹುದು. ಬಿಚ್ಚಿದಾಗ ಕೂಡುವೆಡೆಯ ಲೋಹದ ಮೊನೆಗಳು ಕಪ್ಪಾಗಿದ್ದವು. ಮಳೆಯಲ್ಲಿ ಆಗುಂಬೆಯೊಡನೆ ಪೈಪೋಟಿಗಿಳಿಯುವ ಊರು ನಮ್ಮದು. ಇಲ್ಲಿ ಬೆಂಕಿಪೊಟ್ಟಣ ಥಂಡಿ ಹಿಡಿಯುತ್ತದೆ, ಮದ್ದಳೆಯ ಚರ್ಮ ಸಡಿಲವಾಗುತ್ತದೆ. ಬ್ಯಾಟರಿ ತೆಗೆದಿಟ್ಟು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಮೊನೆಗಳನ್ನು ಮೃದುವಾಗಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಬಿಗಿಯಾಗಿ ಕೂಡಿಸಿದೆವು. ಐದು ಬಣ್ಣಗಳೂ ಮಾತನಾಡಿದವು.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ 'ದುರಸ್ತಿಯ ಹಕ್ಕು' ಎಂಬ ಜಾಲತಾಣವನ್ನು ತೆರೆಯಿತು. ತಯಾರಕರು ದುರಸ್ತಿಯ ಮಾಹಿತಿಯನ್ನು ಬಳಕೆದಾರರಿಗೆ ಒದಗಿಸಲಿ ಎಂಬುದು ಅದರ ಆಶಯ. ಒಳ್ಳೆಯ ಕೆಲಸವೇ. ಆದರೆ ಹಕ್ಕಿನ ಜೊತೆಗೆ ತಾಳ್ಮೆಯೂ ಬೇಕು; ಅದನ್ನು ಕಲಿಸಬೇಕಾದ ಜಾಗ ಶಾಲೆ ಎಂಬುದು ನನ್ನ ಅಭಿಪ್ರಾಯ. ವಿಜ್ಞಾನದ ತರಗತಿಯಲ್ಲಿ ವಿದ್ಯುನ್ಮಂಡಲದ ಚಿತ್ರ ಬರೆಯಿಸಿದರೆ ಸಾಲದು. ಕೆಟ್ಟ ಟಾರ್ಚೊಂದನ್ನು ಮಕ್ಕಳ ಕೈಗಿತ್ತು ದೋಷ ಹುಡುಕಿಸಬೇಕು.

ಇದನ್ನು ಹೇಳುವಾಗ ನಾಲಿಗೆ ತುಸು ತಡವರಿಸುತ್ತದೆ. ಉತ್ತರ ತಪ್ಪಿದ ಲೆಕ್ಕಕ್ಕೆ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟ ಮೇಷ್ಟ್ರು ನಾನೇ. ಒಬ್ಬ ಹುಡುಗನನ್ನು ಇಡೀ ವರ್ಷ 'ದಡ್ಡ' ಎಂದು ಕರೆದಿದ್ದೆ. ವರ್ಷದ ಕೊನೆಗೆ ಅವನ ಪಟ್ಟಿಯನ್ನು ಸಾವಧಾನವಾಗಿ ನೋಡಿದಾಗ ತಿಳಿದದ್ದು: ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವ ಒಂದೇ ಹೆಜ್ಜೆಯಲ್ಲಿ ಅವನು ಎಡವುತ್ತಿದ್ದ, ಮಿಕ್ಕದ್ದೆಲ್ಲ ಸರಿಯಿತ್ತು. ಅಷ್ಟರಲ್ಲಿ ಅವನು ಶಾಲೆ ಬಿಟ್ಟಾಗಿತ್ತು.

ಮೊಮ್ಮಗನಿಗೆ ಕೇಳಿದ ಪ್ರಶ್ನೆಯನ್ನು ಅಂದು ಅವನ ಬಗ್ಗೆ ನಾನು ಕೇಳಿಕೊಳ್ಳಲಿಲ್ಲ. ನಿಮ್ಮಲ್ಲಿ ಹಲವರು ಇಂದು ಅಧ್ಯಾಪಕರು, ತಂದೆತಾಯಂದಿರು. ಕೆಂಪು ಶಾಯಿಯ ಪೆನ್ನು ಎತ್ತುವ ಮುನ್ನ ನೀವಾದರೂ ಕೇಳಿಕೊಳ್ಳಿರಿ.