ವಾಷಿಂಗ್ ಮೆಷೀನಿನ ಲೆಕ್ಕ

ಕಳೆದ ತಿಂಗಳು ಒಂದು ಸೋಮವಾರ ನಮ್ಮ ವಾಷಿಂಗ್ ಮೆಷೀನು ಬಟ್ಟೆ ಹಿಂಡುವ ಹೊತ್ತಿಗೆ ಹಳೇ ಬಸ್ಸು ಘಾಟಿ ಹತ್ತುವಂಥ ಸದ್ದು ಮಾಡತೊಡಗಿತು. ಅಡಿಯಲ್ಲಿ ನೋಡಿದರೆ ಕೆಂಪು ನೀರು. ನನ್ನಾಕೆ ಸ್ವಿಚ್ ಆರಿಸಿ, “ರೀ, ಇದರ ಕಥೆ ಮುಗೀತು ಅನ್ಸತ್ತೆ” ಎಂದಳು. 2012ರಲ್ಲಿ ಕೊಂಡದ್ದು, ಮುಂದೆ ಗಾಜಿನ ಬಾಗಿಲಿರುವಂಥದ್ದು. 13 ವರ್ಷ ದುಡಿದಿದೆ.

ರಿಪೇರಿಯ ಹುಡುಗ ಬಂದು ಮೊದಲು ಕೆಳಗಿನ ಫಿಲ್ಟರ್ ಬಿಚ್ಚಿದ. ಎರಡು ರೂಪಾಯಿ ನಾಣ್ಯ, ಒಂದು ಹೇರ್‌ಪಿನ್ನು, ನನ್ನ ಅಂಗಿಯ ಗುಂಡಿ ಹೊರಬಂದವು. ಪಕ್ಕದ ಬೀದಿಯಲ್ಲಿರುವ ಮಗಳ ಮನೆಯಿಂದ ಬಂದಿದ್ದ ಆರನೇ ತರಗತಿಯ ಮೊಮ್ಮಗಳು ನಾಣ್ಯ ತನ್ನದೇ ಎಂದು ಎತ್ತಿಕೊಂಡಳು. ರೋಗ ಇಷ್ಟೇ ಇರಬೇಕೆಂದು ನಾನು ಹಿಗ್ಗಿದೆ. ಆತ ಬಾಗಿಲು ತೆರೆದು ಡ್ರಮ್ಮನ್ನು ಮೇಲೆ ಕೆಳಗೆ ಅಲ್ಲಾಡಿಸಿದ. ಬೀಳಲಿರುವ ಹಲ್ಲಿನ ಹಾಗೆ ಆಡಿತು.

“ಬೇರಿಂಗ್ ಹೋಗಿದೆ ಸಾರ್.”

ಮಕ್ಕಳೇ, ನಿಮ್ಮ ಸೈಕಲ್ ಚಕ್ರದ ನಡುವೆ ಉಕ್ಕಿನ ಗುಂಡುಗಳಿರುತ್ತವಲ್ಲ, ಡ್ರಮ್ಮಿನ ಹಿಂದಿನ ಅಚ್ಚೂ ಅಂಥ ಗುಂಡುಗಳ ಮೇಲೇ ತಿರುಗುವುದು. ನೀರು ಅಲ್ಲಿಗೆ ಹೋಗದಂತೆ ಒಂದು ರಬ್ಬರ್ ಸೀಲ್ ಇರುತ್ತದೆ. ಅದು ಸವೆದರೆ ನೀರು ಒಳಗೆ ಇಳಿದು ಗ್ರೀಸು ತೊಳೆದುಹೋಗಿ ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ಕೆಂಪು ನೀರು ಆ ತುಕ್ಕಿನದು. ಬೇರಿಂಗಿನ ಬೆಲೆ ಹೆಚ್ಚಲ್ಲ. ಆದರೆ ನಮ್ಮ ಮೆಷೀನಿನಲ್ಲಿ ಡ್ರಮ್ಮನ್ನು ಸುತ್ತುವರಿದ ಪ್ಲಾಸ್ಟಿಕ್ ತೊಟ್ಟಿಯನ್ನು ಕಾರ್ಖಾನೆಯಲ್ಲೇ ಬಿಚ್ಚಲು ಬಾರದಂತೆ ಬೆಸೆದಿದ್ದಾರೆ. ಹಾಗಾಗಿ ಇಡೀ ತೊಟ್ಟಿ ಬದಲಿಸಬೇಕು. ಕೂಲಿ ಸೇರಿ 7,000 ರೂಪಾಯಿ.

“ಆಮೇಲೆ ಎಷ್ಟು ವರ್ಷ ಬರುತ್ತಪ್ಪಾ?”

“ಮೋಟಾರೂ ಹಳೇದು ಸಾರ್, ಬೋರ್‌ವೆಲ್ ನೀರು ಬೇರೆ. ಎರಡು ವರ್ಷ ಅಂದ್ಕೊಳ್ಳಿ.”

ಐದು ವರ್ಷ ಎಂದಿದ್ದರೂ ನಾನು ನಂಬುತ್ತಿದ್ದೆ. ಆತ ಹಾಗೆನ್ನಲಿಲ್ಲ.

ಬೆಂಗಳೂರಿನಿಂದ ಮಗ ಫೋನಿನಲ್ಲಿ, “ಬಿಸಾಕಿ ಅಪ್ಪ, 26,000ಕ್ಕೆ ಹೊಸದು ಬರುತ್ತೆ, ನಾನೇ ಬುಕ್ ಮಾಡ್ತೀನಿ” ಎಂದ. ಬಿಸಾಕಿ ಎಂಬ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಕೊಡೆಯ ಕಡ್ಡಿ ಮುರಿದರೂ ಬೀದಿಯಲ್ಲಿ ಕೂಗಿಕೊಂಡು ಬರುವವನನ್ನು ಕಾದು ಸರಿ ಮಾಡಿಸಿಕೊಂಡ ಕಾಲದವನು ನಾನು. “ಹೋದ ವರ್ಷ ತಾನೇ ಬೋರ್ಡಿಗೆ 3,200 ಸುರಿದಿದ್ದೀವಿ. ಅದನ್ನು ಬಿಡೋದಾ?” ಎಂದು ಗದರಿದೆ.

ಬಿ.ಕಾಂ. ಓದಿದವನು ಆಡಬಾರದ ಮಾತು ಅದು. ಬಾರದ ಹಳೇ ಸಾಲವನ್ನು ಉಳಿಸಲು ಹೊಸ ಸಾಲ ಕೊಟ್ಟು ಎರಡನ್ನೂ ಕಳೆದುಕೊಂಡದ್ದನ್ನು ಬ್ಯಾಂಕಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಆ 3,200 ರಿಪೇರಿ ಮಾಡಿಸಿದರೂ ಬರುವುದಿಲ್ಲ, ಹೊಸದು ತಂದರೂ ಬರುವುದಿಲ್ಲ. ಅಂದಮೇಲೆ ಈ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಇಷ್ಟು ಗೊತ್ತಿದ್ದೂ ನೋಟುಬುಕ್ಕಿನಲ್ಲಿ ಆ ಸಾಲನ್ನು ಹೊಡೆದುಹಾಕಲು ನನಗೆ ಎರಡು ದಿನ ಬೇಕಾಯಿತು.

ಮೊಮ್ಮಗಳು ಪಕ್ಕದಲ್ಲಿ ಕೂತು ಡಜನ್ ಪೆನ್ಸಿಲಿಗೆ ಇಷ್ಟಾದರೆ ಒಂದಕ್ಕೆಷ್ಟು ಎಂಬ ಹೋಂವರ್ಕ್ ಮಾಡುತ್ತಿದ್ದಳು. ನನ್ನ ಪುಸ್ತಕ ಎಳೆದುಕೊಂಡು ಅಲ್ಲೂ ಭಾಗಾಕಾರ ಶುರುಮಾಡಿದಳು. ರಿಪೇರಿ 7,000, ಎರಡು ವರ್ಷ, ವರ್ಷಕ್ಕೆ 3,500. ಹೊಸದು 26,000, ಹತ್ತು ವರ್ಷ, ವರ್ಷಕ್ಕೆ 2,600.

“ತಾತ, ರಿಪೇರಿನೇ ದುಬಾರಿ!”

“ಹೊಸದು ಹತ್ತು ವರ್ಷ ಬರುತ್ತೆ ಅಂತ ಯಾರು ಹೇಳಿದ್ರು?”

“ಸರಿ, ಎಂಟು ಹಾಕ್ತೀನಿ.” 3,250 ಬಂತು. ಆಗಲೂ ಕಡಿಮೆಯೇ. ಬೆಲ್ಟೋ, ನೀರು ಹೊರಹಾಕುವ ಪಂಪೋ ಹೋಗಿದ್ದರೆ ಲೆಕ್ಕವೇ ಬೇಕಿರಲಿಲ್ಲ, ಕಣ್ಣುಮುಚ್ಚಿ ರಿಪೇರಿ ಮಾಡಿಸುತ್ತಿದ್ದೆ. ಇದು ಹಾಗಲ್ಲ.

ಆದರೂ ನನ್ನ ಹಟ ಇಳಿಯಲಿಲ್ಲ. ಇನ್ನೂ ಮೂರು ಅಂಗಡಿ ಅಲೆದೆ. ಹಳೇ ಮೆಷೀನಿನ ತೊಟ್ಟಿ ಎಲ್ಲಾದರೂ ಸಿಗುವುದೇ ಎಂದು ಗುಜರಿಯಲ್ಲಿ ವಿಚಾರಿಸಿದೆ. ಹನ್ನೊಂದು ದಿನ ಕಳೆದವು.

ಹನ್ನೆರಡನೆಯ ದಿನ ಯಾವುದಕ್ಕೋ ಹಿತ್ತಿಲಿಗೆ ಹೋದೆ. ನನ್ನಾಕೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಬೆಡ್‌ಶೀಟಿನ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು ತಿರುಚಿ ಹಿಂಡುತ್ತಿದ್ದಳು. ಬಲಗೈ ಮಣಿಕಟ್ಟಿಗೆ ಹಳೇ ಪಂಚೆಯ ಪಟ್ಟಿ ಕಟ್ಟಿಕೊಂಡಿದ್ದಳು. ಅವಳಿಗೆ ಈಗ 68.

“ಹೇಳಬಾರದಾ?” ಎಂದೆ.

“ನಿಮ್ಮ ಲೆಕ್ಕ ಮುಗೀಲಿ ಅಂತಿದ್ದೆ.”

ಆಗ ನೆನಪಾಯಿತು. 2012ರಲ್ಲಿ ಆ ಮೆಷೀನು ತಂದದ್ದೇ ಈ ಮಣಿಕಟ್ಟಿನ ಸಲುವಾಗಿ. ಇನ್ನು ಬಟ್ಟೆ ಹಿಂಡಬೇಡಿ ಎಂದು ಡಾಕ್ಟರು ಹೇಳಿದ್ದರು. ನನ್ನ ನೋಟುಬುಕ್ಕಿನ ಎರಡು ಪುಟದಲ್ಲಿ ಎಲ್ಲೂ ಇದರ ಒಂದು ಸಾಲು ಇರಲಿಲ್ಲ. ನಲ್ಲಿಗೆ ಸುತ್ತಿದ್ದ ತುದಿ ಬಿಡಿಸಿ ನಾನು ಹಿಡಿದುಕೊಂಡೆ. ಇಬ್ಬರೂ ಸೇರಿ ಹಿಂಡಿದೆವು. ಒದ್ದೆ ಬೆಡ್‌ಶೀಟು ಇಷ್ಟು ಭಾರವೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಮಗನಿಗೆ ಫೋನ್ ಮಾಡಿ ಬುಕ್ ಮಾಡಪ್ಪಾ ಎಂದೆ.

ಹಳೆಯದನ್ನು ರಿಪೇರಿಯ ಹುಡುಗನೇ 1,500ಕ್ಕೆ ಒಯ್ದ. ಬೋರ್ಡು ಚೆನ್ನಾಗಿದೆ, ಇದೇ ಮಾಡೆಲ್ಲಿನ ಇನ್ನೊಂದು ಮನೆಗೆ ಆಗುತ್ತದೆಯಂತೆ. ನಮ್ಮ 3,200 ಈಗ ಯಾರ ಮನೆಯಲ್ಲೋ ಬಟ್ಟೆ ಒಗೆಯುತ್ತಿರಬೇಕು. ಆ 1,500 ಯಾವ ಕಡೆ ಬರೆಯಬೇಕು ಎಂದು ಮೊಮ್ಮಗಳು ಕೇಳಿದಳು. ಅಜ್ಜಿಯ ಕೈಗೆ ಕೊಡು, ಬರೆಯುವುದು ಬೇಡ ಎಂದೆ.

ಹೊಸ ಮೆಷೀನು ಕೆಲಸ ಮುಗಿದ ಕೂಡಲೇ ಒಂದು ಟ್ಯೂನು ಹಾಡುತ್ತದೆ. ಮೊದಲ ವಾರವೆಲ್ಲ ಅದು ಹಾಡಿದಾಗ ನನ್ನಾಕೆ ಯಾರೋ ಬಂದರೆಂದು ಹೋಗಿ ಮುಂಬಾಗಿಲು ತೆಗೆಯುತ್ತಿದ್ದಳು.